ನೀಲಿಯೋ, ಸೆಲಡಾನೋ: ಹಳೆಯ ಜಪಾನಿ ಪಿಂಗಾಣಿ ಆರಿಸುವ ಬಗೆ

ಹಳೆಯ ಜಪಾನಿ ಪಿಂಗಾಣಿಯ ತಟ್ಟೆಯೊಂದು ಕೈಗೆ ಬಂದರೆ ಮೊದಲು ಅದನ್ನು ಬೋರಲು ಮಾಡಿ ನೋಡಿ. ಮೇಲ್ಮುಖದ ಚಿತ್ರವನ್ನು ಕೈಚಳಕ ಇದ್ದವರು ಇವತ್ತೂ ಬರೆಯಬಲ್ಲರು. ತಳದ ಬಳೆ, ಅಂದರೆ ತಟ್ಟೆ ನೆಲಕ್ಕೆ ಕೂರುವ ಉಬ್ಬು ಸುತ್ತು, ಹಾಗಲ್ಲ. ಅಲ್ಲಿ ಆವಿಗೆಯ ಮರಳು ಅಂಟಿರುತ್ತದೆ, ಮೆರುಗಿನ (ಸುಟ್ಟಾಗ ಗಾಜಿನಂತಾಗುವ ಹೊರಪದರದ) ನೀರಿನಲ್ಲಿ ಅದ್ದುವಾಗ ಹಿಡಿದ ಬೆರಳಿನ ಗುರುತು ಕೆಲವೊಮ್ಮೆ ಉಳಿದಿರುತ್ತದೆ, ಇನ್ನೂರು ವರ್ಷ ಹಲಗೆಯ ಮೇಲೆ ಇಟ್ಟು ತೆಗೆದ ಸವೆತ ಇರುತ್ತದೆ. ಬಿಳಿಯ ಮೇಲೆ ನೀಲಿ ಚಿತ್ರ ಬರೆದದ್ದನ್ನು ಕೊಳ್ಳಬೇಕೋ, ತಿಳಿಹಸಿರಿನ ಸೆಲಡಾನ್ ಕೊಳ್ಳಬೇಕೋ ಎಂಬ ಪ್ರಶ್ನೆಗೂ ಉತ್ತರ ಶುರುವಾಗುವುದು ಈ ತಳದಿಂದಲೇ.

ನೀಲಿ ಪಿಂಗಾಣಿಗೆ ಜಪಾನಿನಲ್ಲಿ ಸೊಮೆತ್ಸುಕೆ ಎನ್ನುತ್ತಾರೆ, ಸೆಲಡಾನ್‌ಗೆ ಸೇಜಿ. ಸೊಮೆತ್ಸುಕೆಯ ವಯಸ್ಸು ಹೇಳಲು ಮೂರು ಸಾಕ್ಷಿಗಳಿವೆ: ನೀಲಿಯ ಛಾಯೆ, ಗೆರೆ ಎಳೆದ ರೀತಿ, ತಳ. ಸೇಜಿಯಲ್ಲಿ ಚಿತ್ರವೇ ಇಲ್ಲದಿರುವುದರಿಂದ ಮೊದಲ ಎರಡು ಸಾಕ್ಷಿ ಸಿಗುವುದಿಲ್ಲ. ಉಳಿದ ಒಂದೇ ಸಾಕ್ಷಿಯನ್ನು ಓದಲು ಕಣ್ಣು ಪಳಗಿರಬೇಕು. ಹಾಗಾಗಿ ನಮ್ಮ ಸಲಹೆ ನೇರವಾಗಿದೆ: ಮೊದಲ ಒಂದೆರಡು ವರ್ಷ ನೀಲಿಯನ್ನೇ ಕೊಳ್ಳಿ. ಆಮೇಲೆ ಹೊರಗೆ ಹಸಿರು, ಒಳಗೆ ನೀಲಿ ಇರುವ ಸೇಜಿ ಸೊಮೆತ್ಸುಕೆಗೆ ಬನ್ನಿ. ಬರೀ ಸೆಲಡಾನ್ ಕೊನೆಗೆ ಇರಲಿ. ಕೈಯಲ್ಲಿ ದುಡ್ಡಿದ್ದರೂ ಈ ಕ್ರಮ ಬಿಡಬೇಡಿ. ಈ ವಿಷಯದಲ್ಲಿ ಮೋಸಹೋಗುವವರಲ್ಲಿ ಹೆಚ್ಚಿನವರು ದುಡ್ಡಿದ್ದು ಆತುರಪಟ್ಟವರು.

ಹೆಸರುಗಳ ಗೋಜಲು

ಮಾರುವವರು ಎಲ್ಲದಕ್ಕೂ "ಇಮಾರಿ" ಎಂದು ಚೀಟಿ ಅಂಟಿಸುತ್ತಾರೆ. ಇಮಾರಿ ಒಂದು ಬಂದರಿನ ಹೆಸರು. ಪಿಂಗಾಣಿ ತಯಾರಾಗುತ್ತಿದ್ದುದು ಕ್ಯೂಶೂ ದ್ವೀಪದಲ್ಲಿ, ಆ ಬಂದರಿನ ಒಳನಾಡಿನ ಅರಿತಾ ಊರಿನಲ್ಲಿ ಮತ್ತು ಅದರ ಸುತ್ತಮುತ್ತ. ಆಗ ಜಪಾನನ್ನು ಆಳುತ್ತಿದ್ದ ಹಿಡೆಯೋಶಿಯ ಸೈನ್ಯ 1592ರಿಂದ 1598ರವರೆಗೆ ಕೊರಿಯಾದ ಮೇಲೆ ದಂಡೆತ್ತಿ ಹೋಗಿದ್ದಾಗ ಅಲ್ಲಿಂದ ಕರೆತಂದ ಕುಂಬಾರರೇ ಈ ಕಸುಬಿಗೆ ಬುನಾದಿ ಹಾಕಿದರು. ಅವರಲ್ಲಿ ರಿ ಸಾಂಪೆ ಎಂಬಾತ 1616ರಲ್ಲಿ ಇಜುಮಿಯಾಮ ಬೆಟ್ಟದ ಕಲ್ಲಿನಿಂದ ಮೊದಲ ಪಿಂಗಾಣಿ ಸುಟ್ಟನೆಂದು ಅರಿತಾದವರು ಹೇಳಿಕೊಂಡು ಬಂದಿದ್ದಾರೆ. ಆ ಕಲ್ಲನ್ನು ಕುಟ್ಟಿ, ಸೋಸಿ, ಹೆಚ್ಚೇನೂ ಬೆರೆಸದೆ ಪಿಂಗಾಣಿಯ ಮಣ್ಣಾಗಿ ಬಳಸಬಹುದಿತ್ತು. ಅದರಲ್ಲಿ ತುಸು ಕಬ್ಬಿಣವಿದೆ. ಹಳೆಯ ಅರಿತಾ ಪಾತ್ರೆಗಳ ಬಿಳುಪು ಹಾಲಿನಂತಿರದೆ ನಸುಬೂದಿ ಕಲೆತಂತೆ ಕಾಣುವುದು ಅದರಿಂದಲೇ.

ಪಕ್ಕದ ಹಸಾಮಿಯಲ್ಲಿ ಜನಬಳಕೆಯ ಅಗ್ಗದ ಮಾಲು, ಮಿಕಾವಾಚಿಯಲ್ಲಿ ಹಿರಾಡೊ ದೊರೆಗಾಗಿ ತೆಳುವಾದ ಬಲು ಬಿಳಿಯ ಮಾಲು, ಒಕಾವಾಚಿಯಾಮದಲ್ಲಿ ನಬೆಶಿಮಾ ದೊರೆಮನೆಯ ಮಾಲು ತಯಾರಾಗುತ್ತಿತ್ತು. ನಬೆಶಿಮಾ ಮಾಲನ್ನು ಅಂಗಡಿಯಲ್ಲಿ ಮಾರುತ್ತಿರಲಿಲ್ಲ. ದೇಶದ ಸೇನಾಧಿಪ ಆಳರಸನಾದ ಶೋಗುನ್‌ಗೂ ಇತರ ದೊರೆಗಳಿಗೂ ಕಾಣಿಕೆಯಾಗಿ ಹೋಗುತ್ತಿತ್ತು. ಹೊನ್ಶೂ ದ್ವೀಪದ ಸೆತೊದಲ್ಲಿ ಪಿಂಗಾಣಿ ಶುರುವಾದದ್ದು 19ನೇ ಶತಮಾನದ ಆರಂಭದಲ್ಲಿ. ಆದ್ದರಿಂದ "17ನೇ ಶತಮಾನದ ಸೆತೊ ನೀಲಿ ಪಿಂಗಾಣಿ" ಎಂದು ಯಾರಾದರೂ ಬರೆದಿದ್ದರೆ ಮುಂದಿನ ಸಾಲು ಓದುವ ಅಗತ್ಯವಿಲ್ಲ.

ನೀಲಿಯಲ್ಲಿ ಯಾವ ಕಾಲದ್ದು?

ಮೊದಲ ಹಂತದ, ಅಂದರೆ 1610ರ ದಶಕದಿಂದ 1640ರ ದಶಕದವರೆಗಿನ ಮಾಲಿಗೆ ಶೋಕಿ ಇಮಾರಿ ಎಂದು ಹೆಸರು. ಆಗ ಮಣ್ಣಿನ ತಟ್ಟೆಯನ್ನು ಮೊದಲು ಒಮ್ಮೆ ಹದವಾಗಿ ಸುಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. ಒಣಗಿದ ಹಸಿ ತಟ್ಟೆಗೇ ನೀಲಿ ಬರೆದು, ಮೆರುಗಿನಲ್ಲಿ ಅದ್ದಿ, ಒಂದೇ ಸಲ ಸುಡುತ್ತಿದ್ದರು. ಹಸಿ ತಟ್ಟೆ ತೆಳುವಾಗಿದ್ದರೆ ನೀರು ಹೀರಿ ಕುಸಿಯುತ್ತದೆ. ಅದಕ್ಕೇ ಅವು ದಪ್ಪ. ಮೆರುಗು ಕೂಡ ದಪ್ಪ, ನಸುನೀಲಿ, ಮೆದು ನೋಟದ್ದು. ಗುರುತು ಹಿಡಿಯಲು ಎಲ್ಲಕ್ಕಿಂತ ಸುಲಭದ ಅಳತೆ ತಳದ ಬಳೆ: ಅದರ ಅಡ್ಡಳತೆ ತಟ್ಟೆಯ ಅಡ್ಡಳತೆಯ ಸುಮಾರು ಮೂರನೇ ಒಂದು ಭಾಗ. 21 ಸೆಂಟಿಮೀಟರ್ ತಟ್ಟೆಗೆ ಬಳೆ 7 ಸೆಂಟಿಮೀಟರ್‌ನಷ್ಟಿದ್ದರೆ ಗಮನವಿಟ್ಟು ನೋಡಿ. 12 ಇದ್ದರೆ ಅದು ಮುಂದಿನ ಕಾಲದ್ದು. ಶೋಕಿ ಇಮಾರಿ ಬೆಲೆ ಬಹಳ ಹೆಚ್ಚು, ನಕಲೂ ಅಷ್ಟೇ ಹೆಚ್ಚು. ಮೊದಲ ಖರೀದಿಗೆ ಇದು ಬೇಡ.

ಇದನ್ನು ಚೀನಾದ ಕೊಸೊಮೆತ್ಸುಕೆಯೊಂದಿಗೆ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಅದೂ 17ನೇ ಶತಮಾನದ ಮೊದಲ ಭಾಗದ್ದೇ, ಜಪಾನಿನ ಗಿರಾಕಿಗಳಿಗಾಗಿ ಚೀನಾದಲ್ಲಿ ಮಾಡಿದ್ದು. ಅದರ ಅಂಚಿನಲ್ಲಿ ಮೆರುಗು ಅಲ್ಲಲ್ಲಿ ಹುಳು ತಿಂದ ಹಾಗೆ ಉದುರಿರುತ್ತದೆ. ಜಪಾನಿಗಳು ಇದನ್ನು ಮುಶಿಕುಯಿ, ಅಂದರೆ ಹುಳುಕಚ್ಚು ಎಂದೇ ಕರೆದು ಮೆಚ್ಚಿಕೊಂಡರು. ಮಣ್ಣಿಗೂ ಮೆರುಗಿಗೂ ಕುಗ್ಗುವ ಪ್ರಮಾಣ ಹೊಂದದೆ ಹೀಗಾಗುತ್ತದೆ. ತಳದ ಒಳಗೆ ಕೊರೆಯುಳಿ ಕುಣಿದು ಮೂಡಿದ ಕಿರಣದಂಥ ಗೆರೆಗಳೂ ಚೀನಾದ ಕಡೆಗೇ ಬೆರಳು ಮಾಡುತ್ತವೆ.

17ನೇ ಶತಮಾನದ ಮಧ್ಯದಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಬಂದವು. ಮೊದಲು ಹದವಾಗಿ ಸುಟ್ಟು ಆಮೇಲೆ ಬರೆಯುವುದು ರೂಢಿಗೆ ಬಂದು ತಟ್ಟೆ ತೆಳುವಾಯಿತು, ತಳದ ಬಳೆ ಅಗಲವಾಯಿತು. ಅದೇ ಹೊತ್ತಿಗೆ ಚೀನಾದಲ್ಲಿ ಮಿಂಗ್ ದೊರೆತನ 1644ರಲ್ಲಿ ಉರುಳಿ, ಅಲ್ಲಿಂದ ಬರುವ ಪಿಂಗಾಣಿ ಏರುಪೇರಾಯಿತು. ಡಚ್ ಈಸ್ಟ್ ಇಂಡಿಯಾ ಕಂಪನಿ ಅರಿತಾದತ್ತ ತಿರುಗಿ 1659ರಲ್ಲಿ ಒಂದೇ ಸಲಕ್ಕೆ 50,000ಕ್ಕೂ ಹೆಚ್ಚು ಪಾತ್ರೆಗಳಿಗೆ ಬೇಡಿಕೆ ಇಟ್ಟಿತು. ನಾಗಸಾಕಿಯಿಂದ ಬಟೇವಿಯಾಕ್ಕೆ (ಈಗಿನ ಜಕಾರ್ತ), ಅಲ್ಲಿಂದ ಯುರೋಪಿಗೂ ಪರ್ಷಿಯಾಕ್ಕೂ ನಮ್ಮ ಸೂರತ್, ಕೋರಮಂಡಲ ತೀರಕ್ಕೂ ಈ ಮಾಲು ಹೋಯಿತು.

ಅಗಲ ತಳದ ದೊಡ್ಡ ತಟ್ಟೆ ಸುಮಾರು 1300 ಡಿಗ್ರಿ ಬೆಂಕಿಯಲ್ಲಿ ಮೆತ್ತಗಾಗಿ ನಡುವೆ ಕುಸಿಯುತ್ತದೆ. ಅದನ್ನು ತಡೆಯಲು ಬಳೆಯ ಒಳಗಡೆ ಮಣ್ಣಿನ ಪುಟ್ಟ ಮೊಳೆಗಳನ್ನು ಊರುಗೋಲಾಗಿ ಕೊಟ್ಟರು. ಸುಟ್ಟಾದ ಮೇಲೆ ಮುರಿದು ತೆಗೆದರೆ ಸಾಸಿವೆ ಕಾಳಿನಷ್ಟು ಒರಟು ಗುರುತು ಉಳಿಯುತ್ತದೆ. ಚಿಕ್ಕದಕ್ಕೆ ಒಂದು, ಮಧ್ಯಮಕ್ಕೆ ಮೂರು, ದೊಡ್ಡದಕ್ಕೆ ಐದು ಅಥವಾ ಹೆಚ್ಚು. ಚೀನಾದ ನೀಲಿ ಪಿಂಗಾಣಿಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಅರಿತಾ ಎಂದು ಗುರುತಿಸಲು ಇದು ಬಹಳ ಒಳ್ಳೆಯ ಕುರುಹು. ಬೆರಳಿನ ತುದಿಯಿಂದ ಸವರಿ ನೋಡಿ: ನಿಜವಾದ ಗುರುತು ಮೆರುಗಿನ ನಡುವೆ ಸಿಕ್ಕಿಕೊಂಡಿರುತ್ತದೆ. ಆಮೇಲೆ ಅಂಟಿಸಿದ್ದಾದರೆ ಮೆರುಗಿನ ಮೇಲೆ ಕೂತಿರುತ್ತದೆ.

ಹೊಸಬರಿಗೆ ನಾವು ಹೇಳುವ ಕಾಲ 1690ರಿಂದ 1800ರ ಆಚೀಚೆಯದು. ಮಾಲು ಸಾಕಷ್ಟು ಉಳಿದಿದೆ, ಗುಣಮಟ್ಟ ಎತ್ತರದ್ದು, ಬೆಲೆ ಇನ್ನೂ ಕೈಗೆಟುಕುತ್ತದೆ. ಈ ಕಾಲವನ್ನು ಮುಂದಿನ ಕಾಲದಿಂದ ಬೇರ್ಪಡಿಸಲು ಒಂದು ವಿನ್ಯಾಸವನ್ನು ಚೆನ್ನಾಗಿ ಕಲಿತರೆ ಸಾಕು. ಅದು ತಾಕೊ ಕರಕುಸ, ಆಕ್ಟೋಪಸ್ ಬಳ್ಳಿ. ಸುರುಳಿ ಸುತ್ತಿದ ಬಳ್ಳಿಯ ಬೆನ್ನಿನ ಮೇಲೆ ಸಾಲಾಗಿ ಪುಟ್ಟ ಗುಂಡುಗಳಿರುತ್ತವೆ. ಅವು ಆಕ್ಟೋಪಸ್ ತೋಳಿನ ಹೀರುಗುಂಡಿಗಳ ಹಾಗೆ ಕಾಣುವುದರಿಂದ ಆ ಹೆಸರು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. 17ನೇ ಶತಮಾನದ ಕೊನೆ, 18ನೆಯದರ ಮೊದಲ ಭಾಗದ ಬಳ್ಳಿಯಾದರೆ ಪ್ರತಿ ಗುಂಡಿಗೂ, ಪ್ರತಿ ಸುರುಳಿಗೂ ಎರಡೂ ಬದಿ ಕೂದಲೆಳೆಯ ಹೊರಗೆರೆ ಇರುತ್ತದೆ. ಆ ಗೆರೆಗಳ ನಡುವೆ ಬೇರೆ ದಪ್ಪ ಕುಂಚದಿಂದ ತಿಳಿನೀಲಿ ತುಂಬಿರುತ್ತದೆ. ಎರಡು ನೀಲಿ, ಎರಡು ಕುಂಚ. ಕಾಲ ಕಳೆದಂತೆ ಹೊರಗೆರೆ ಹೋಗುತ್ತದೆ. 19ನೇ ಶತಮಾನದ ಹೊತ್ತಿಗೆ ಬಳ್ಳಿ ಒಂದೇ ಗೀಟು, ಗುಂಡುಗಳು ಬಾಚಣಿಗೆ ಹಲ್ಲಿನಂತೆ ಒಂದೊಂದು ಚುಕ್ಕೆ. ಎರಡೂ ಚೆಲುವೇ. ಆದರೆ ಬೆಲೆಯಲ್ಲಿ ಹಲವು ಪಟ್ಟು ಅಂತರ ಇರುವುದರಿಂದ ಎರಡನೆಯದನ್ನು ಮೊದಲನೆಯದರ ಬೆಲೆಗೆ ಕೊಳ್ಳಬಾರದು.

ಇದೇ ಕಾಲದ ಇನ್ನೊಂದು ಗುರುತು ಕೊನ್ಯಾಕು ಇನ್‌ಬಾನ್ ಎಂಬ ಮುದ್ರೆಯೊತ್ತು. ತಟ್ಟೆಯ ನಡುವೆ ಐದೆಸಳಿನ ಹೂವೋ, ಬಟ್ಟಲಿನ ಹೊರಗೆ ಎಲೆಯೋ ಒಂದೇ ಅಚ್ಚಿನಿಂದ ಒತ್ತಿದಂತೆ ಇರುತ್ತದೆ, ಅಂಚು ಸ್ವಲ್ಪ ಮಸುಕು. ಮುದ್ರೆ ಕಂಡ ಕೂಡಲೇ ಹೊಸದು ಎಂದು ಕೈಬಿಡುವವರು ಒಳ್ಳೆಯ 18ನೇ ಶತಮಾನದ ಮಾಲನ್ನು ಕಳೆದುಕೊಳ್ಳುತ್ತಾರೆ. ಕೊನ್ಯಾಕು ಮುದ್ರೆ ಹಳೆಯದು. ಅನುಮಾನಪಡಬೇಕಾದದ್ದು ಮುಂದೆ ಬರುವ ಹಾಳೆಯಚ್ಚನ್ನು.

18ನೇ ಶತಮಾನದ ಕೊನೆಯಿಂದ ತಳದಲ್ಲಿ ಹೊಸದೊಂದು ಆಕಾರ ಕಾಣುತ್ತದೆ. ಬಳೆಯ ಒಳಗೆ ಅಗಲವಾದ ಒಂದು ಪಟ್ಟಿಯಲ್ಲಿ ಮೆರುಗು ಇರುವುದಿಲ್ಲ, ನಡುವಿನ ವೃತ್ತ ತಗ್ಗಾಗಿ ಮೆರುಗು ಹೊತ್ತಿರುತ್ತದೆ. ಜಪಾನಿಗಳು ಇದಕ್ಕೆ ಹಾವಿನ ಕಣ್ಣು ಎನ್ನುತ್ತಾರೆ. ಪಾತ್ರೆ ಸುಡುವಾಗ ಕೂತದ್ದು ಆ ಬೋಳು ಪಟ್ಟಿಯ ಮೇಲೆ. ಸುಮಾರು 15 ಸೆಂಟಿಮೀಟರ್ ಅಗಲದ, ತುಸು ಆಳವಾದ ನಮಾಸು ತಟ್ಟೆಗಳಲ್ಲಿ ಇದು ಧಾರಾಳ. ನೀಲಿ ಚಿತ್ರದ ತಟ್ಟೆಯಲ್ಲಿ ಹಾವಿನ ಕಣ್ಣಿನ ತಳ ಇದ್ದರೆ "1700ರ ಸುಮಾರಿನದು" ಎಂಬ ಮಾತನ್ನು ಒಪ್ಪಬೇಡಿ.

ಹಸಾಮಿಯ ಕುರವಾಂಕಾ ಬಟ್ಟಲುಗಳದ್ದು ಬೇರೆಯೇ ಲೋಕ. ಯೊದೊ ನದಿಯಲ್ಲಿ ಹಿರಾಕಾಟಾ ಊರಿನ ಬಳಿ ಪ್ರಯಾಣದ ದೋಣಿಗಳಿಗೆ ಊಟ ಮಾರುವವರು "ತಿನ್ನೋದಿಲ್ವಾ?" ಎಂಬ ಅರ್ಥದ ಆ ಕೂಗು ಹಾಕುತ್ತಿದ್ದರು. ಅವರ ಬಟ್ಟಲಿಗೂ ಅದೇ ಹೆಸರು ಅಂಟಿತು. ದಪ್ಪ ಗೋಡೆ, ಬೂದುಬಿಳುಪು, ನಾಲ್ಕೇ ಗೀಟಿನಲ್ಲಿ ಮುಗಿದ ಹೂಬಳ್ಳಿ. ಒಂದರೊಳಗೊಂದು ಜೋಡಿಸಿ ಸುಡಲು ಒಳಗಿನ ನಡುಭಾಗದಲ್ಲಿ ಮೆರುಗನ್ನು ಬಳೆಯಾಕಾರಕ್ಕೆ ಒರೆಸಿರುತ್ತಾರೆ. ಹೊಸಬರು ಇದನ್ನು ಹಾಳಾದ ಮೆರುಗು ಎಂದುಕೊಳ್ಳುತ್ತಾರೆ. ಅಲ್ಲ, ಅದು ಕೆಲಸದ ಕ್ರಮ. ಕೈಯಲ್ಲಿ ಹಿಡಿದರೆ ಇದರಷ್ಟು ಆಪ್ತವಾದ ಪಾತ್ರೆ ಅರಿತಾದ ನಯವಾದ ಮಾಲಿನಲ್ಲೂ ಸಿಗದು. ಬೆಲೆ ಕಡಿಮೆ, ನಕಲು ಮಾಡಿದರೆ ಲಾಭವೂ ಕಡಿಮೆ. ಅದರಿಂದಲೇ ಇದು ಕಲಿಯಲು ಯೋಗ್ಯ.

ಮೆಯ್ಜಿ ಕಾಲ 1868ಕ್ಕೆ ಶುರು. ಜರ್ಮನಿಯ ರಸಾಯನತಜ್ಞ ವ್ಯಾಗನರ್ 1870ರಲ್ಲಿ ಅರಿತಾಕ್ಕೆ ಬಂದು, ನೀಲಿ ಬಣ್ಣ ಕೊಡುವ ರಾಸಾಯನಿಕ ಕೋಬಾಲ್ಟ್ ಬಳಕೆ ಕಲಿಸಿದ. ಹಳೆಯ ನೀಲಿ ಚೀನಾದಿಂದ ಬರುತ್ತಿದ್ದ ಅದಿರಿನದು. ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್ ಬೆರೆತಿರುವುದರಿಂದ ನೀಲಿ ಸ್ವಲ್ಪ ಬೂದಾಗಿ, ಒಂದೊಂದು ಕಡೆ ಕಪ್ಪಿಟ್ಟು ನಿಲ್ಲುತ್ತದೆ. ಹೊಸ ಕೋಬಾಲ್ಟ್ ಶುದ್ಧ. ಅದರ ನೀಲಿ ಢಾಳಾಗಿ, ನೇರಳೆಯತ್ತ ಜಾರಿ, ಎಲ್ಲೆಡೆ ಒಂದೇ ಸಮ ಇರುತ್ತದೆ. ಇದರ ಜೊತೆಗೆ ಹಾಳೆಯಚ್ಚು ಬಂತು. ಕತ್ತರಿಸಿದ ಕಾಗದದ ಅಚ್ಚು ಬಳಸಿದ್ದರೆ ಗೆರೆ ಚುಕ್ಕೆಚುಕ್ಕೆಯಾಗಿ ತುಂಡಾಗಿರುತ್ತದೆ. ತಾಮ್ರದ ತಗಡಿನಿಂದ ಇಳಿಸಿದ್ದರೆ ಪತ್ರಿಕೆಯ ಹಳೆಯ ಚಿತ್ರದ ಹಾಗೆ ಸಣ್ಣ ಓರೆಗೆರೆಗಳು. ಎರಡರಲ್ಲೂ ಹಾಳೆಯ ಎರಡು ತುದಿ ಕೂಡುವ ಜಾಗದಲ್ಲಿ ವಿನ್ಯಾಸ ತಪ್ಪಿರುತ್ತದೆ. ಬಟ್ಟಲನ್ನು ಒಂದು ಸುತ್ತು ತಿರುಗಿಸಿದರೆ ಆ ಹೊಲಿಗೆ ಕಂಡೇ ಕಾಣುತ್ತದೆ. ಇಂಥ ತಟ್ಟೆ ಜಪಾನಿನ ಸಂತೆಗಳಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ಸಾವಿರ ಯೆನ್‌ಗೆ ಸಿಗುತ್ತದೆ. ಸಂಗ್ರಹದ ಜೊತೆಗೆ ದಿನಾ ಊಟಕ್ಕೂ ಬೇಕು ಎನ್ನುವವರು ಇದನ್ನೇ ಕೊಳ್ಳಲಿ.

ಯಾವ ಆಕಾರ?

ಒಂದೇ ಆಕಾರ ಹಿಡಿದು ಸಂಗ್ರಹಿಸುವುದಾದರೆ ಸೊಬಾ ಚೋಕೊ ಎಂಬ ಲೋಟದಂಥ ಪುಟ್ಟ ಬಟ್ಟಲಿಗೆ ಸಮನಾದದ್ದು ಇಲ್ಲ. ಬಾಯಿ ಸುಮಾರು 7ರಿಂದ 8.5 ಸೆಂಟಿಮೀಟರ್, ಎತ್ತರ 6ರ ಆಸುಪಾಸು. ನಮ್ಮ ಕಾಫಿ ಲೋಟದ ತಮ್ಮನಂತೆ. ಒಂದೇ ಆಕಾರದ ಮೇಲೆ ನೂರಾರು ವಿನ್ಯಾಸ ಬಂದಿರುವುದರಿಂದ ಕಾಲದ ಬದಲಾವಣೆ ಕಣ್ಣಿಗೆ ಸುಲಭವಾಗಿ ಸಿಗುತ್ತದೆ. ಒಂದು ಕಪಾಟಿನಲ್ಲಿ ಮೂವತ್ತು ಹಿಡಿಯುತ್ತವೆ. ಸಾಗಾಟದಲ್ಲಿ ಒಡೆಯುವುದೂ ಕಡಿಮೆ. ಬೆಲೆ ವಿನ್ಯಾಸವನ್ನು ಅವಲಂಬಿಸಿದೆ: ಬಳ್ಳಿ, ಬಿದಿರು ಅಗ್ಗ, ಮನುಷ್ಯರು, ಪ್ರಾಣಿಗಳು ಇದ್ದರೆ ದುಬಾರಿ.

ತಟ್ಟೆಗಳು ಐದರ ಜೊತೆಯಾಗಿ ಬರುವುದು ಜಪಾನಿನ ರೂಢಿ. ಐದೂ ಒಟ್ಟಿಗೆ ಸಿಕ್ಕರೆ ಒಂದರ ಪಕ್ಕ ಒಂದಿಟ್ಟು ಗೆರೆ ಹೋಲಿಸಿ. ಕೈಯಿಂದ ಬರೆದದ್ದಾದರೆ ಐದು ತಟ್ಟೆಯ ಐದು ಹಕ್ಕಿಗಳೂ ಚೂರು ಚೂರು ಬೇರೆ ಇರಲೇಬೇಕು. ಎಲ್ಲ ಒಂದೇ ಥರ ಇದ್ದರೆ ಅದು ಅಚ್ಚು. ನಾಲ್ಕು ಒಂದು ಥರ, ಒಂದು ಬೇರೆ ಕೈಯದಾದರೆ ಆಮೇಲೆ ಸೇರಿಸಿದ್ದು. 30 ಸೆಂಟಿಮೀಟರ್ ಮೀರಿದ ದೊಡ್ಡ ತಟ್ಟೆ ಗೋಡೆಗೆ ಚೆಂದ, ಆದರೆ ಸಾಗಾಟದ ಖರ್ಚು, ಒಡೆಯುವ ಭಯ ಎರಡೂ ಹೆಚ್ಚು.

ಸೆಲಡಾನ್: ಬೆಂಕಿಯ ಕೆಲಸ

ಸೆಲಡಾನ್‌ನ ಹಸಿರಿಗೆ ಬಣ್ಣ ಬಳಿದಿರುವುದಿಲ್ಲ. ಮೆರುಗಿನಲ್ಲಿ ಶೇಕಡಾ ಒಂದರಿಂದ ಮೂರರಷ್ಟು ಕಬ್ಬಿಣದ ಆಕ್ಸೈಡ್ ಇರುತ್ತದೆ. ಆವಿಗೆಗೆ ಗಾಳಿ ಕಡಿಮೆ ಮಾಡಿ, ಹೊಗೆ ಕಟ್ಟಿ ಸುಟ್ಟರೆ ಆ ಕಬ್ಬಿಣ ಆಮ್ಲಜನಕ ಕಳೆದುಕೊಂಡು ಹಸಿರುನೀಲಿಗೆ ತಿರುಗುತ್ತದೆ. ಗಾಳಿ ನುಗ್ಗಿದ ಕಡೆ ಹಳದಿ, ಎಣ್ಣೆಗಪ್ಪು. ಒಂದೇ ತಟ್ಟೆಯ ಒಂದು ಬದಿ ಹಳದಿಯಾಗಿದ್ದರೆ ಅದು ಹಾನಿಯಲ್ಲ, ಆವಿಗೆಯೊಳಗೆ ಅದು ಯಾವ ಕಡೆ ಮುಖ ಮಾಡಿತ್ತು ಎಂಬುದರ ಗುರುತು. ಬೆಲೆ ಮಾತ್ರ ಇಳಿಯುತ್ತದೆ. ಚೌಕಾಸಿಗೆ ಅವಕಾಶ ಅಲ್ಲೇ.

ಜಪಾನಿನ ಮನೆಗಳಲ್ಲಿ ಚೀನಾದ ಲುಂಗ್‌ಚುವಾನ್ ಸೆಲಡಾನ್ ಶತಮಾನಗಳಿಂದ ಇತ್ತು, ಮತ್ತು ಅರಿತಾ, ಹಸಾಮಿಯವರು 17ನೇ ಶತಮಾನದಲ್ಲಿ ಅದನ್ನೇ ಮಾದರಿಯಾಗಿಟ್ಟುಕೊಂಡರು. ಹಾಗಾಗಿ ಮೊದಲ ಹೋಲಿಕೆ ಇವೆರಡರ ನಡುವೆ. ಲುಂಗ್‌ಚುವಾನ್ ಮಣ್ಣು ಬೂದು, ಕಬ್ಬಿಣ ಹೆಚ್ಚು. ಮೆರುಗಿಲ್ಲದ ತಳ ಬೆಂಕಿಗೆ ತಾನಾಗಿಯೇ ಇಟ್ಟಿಗೆಗೆಂಪಾಗುತ್ತದೆ. ಮೆರುಗಿನ ಅಂಚಿನಿಂದ ಬೋಳು ಭಾಗಕ್ಕೆ ಹೋಗುವಾಗ ಆ ಕೆಂಪು ಮೆಲ್ಲಗೆ ಏರಿಳಿಯುತ್ತದೆ. ಅರಿತಾ ಮಣ್ಣು ಬಿಳಿ, ತಾನಾಗಿ ಅಷ್ಟು ಕೆಂಪಾಗದು. ಆದ್ದರಿಂದ ದೊಡ್ಡ ತಟ್ಟೆಗಳ ತಳದ ಬೋಳು ಪಟ್ಟಿಗೆ ಕಬ್ಬಿಣದ ನೀರನ್ನು ಕುಂಚದಿಂದ ಬಳಿದರು. ಭೂತಗನ್ನಡಿ ಹಿಡಿದರೆ ಕುಂಚದ ಕೂದಲಿನ ಗೆರೆ, ಬಳಿದದ್ದು ಮುಗಿದ ಕಡೆ ಚೂಪಾದ ಅಂಚು, ಒಂದೆರಡು ಕಡೆ ತಪ್ಪಿ ಉಳಿದ ಬಿಳಿಮಣ್ಣು ಕಾಣುತ್ತದೆ. ಕೆತ್ತಿದ ಹೂವಿನ ಏಣುಗಳ ಮೇಲೆ ಮೆರುಗು ತೆಳುವಾದಲ್ಲಿಯೂ ಹಾಗೆಯೇ: ಅರಿತಾದಲ್ಲಿ ಬಿಳಿ ಇಣುಕುತ್ತದೆ, ಲುಂಗ್‌ಚುವಾನ್‌ನಲ್ಲಿ ಬೂದು. ಈ ಒಂದು ವ್ಯತ್ಯಾಸ ಕಣ್ಣಿಗೆ ಹಿಡಿಯುವ ತನಕ ಸೆಲಡಾನ್ ಕೊಳ್ಳದಿರುವುದೇ ಲೇಸು.

ತಳದ ಬೋಳು ಪಟ್ಟಿ ಸೆಲಡಾನ್‌ನಲ್ಲಿ 17ನೇ ಶತಮಾನಕ್ಕೂ ಸಲ್ಲುತ್ತದೆ ಎಂಬುದನ್ನು ಗಮನಿಸಿ. ಮೇಲೆ ನೀಲಿ ತಟ್ಟೆಗೆ ಹೇಳಿದ ಹಾವಿನ ಕಣ್ಣಿನ ನಿಯಮವನ್ನು ಇಲ್ಲಿಗೆ ತಂದರೆ ಎಡವುತ್ತೀರಿ.

ನಬೆಶಿಮಾ ಸೆಲಡಾನ್ ಈ ಬಗೆಯ ಶಿಖರ. ಒಕಾವಾಚಿಯಾಮದಲ್ಲೇ ಸಿಗುವ ಕಲ್ಲಿನ ಮೆರುಗನ್ನು ಪದರ ಪದರವಾಗಿ ಕೊಟ್ಟ ಆ ಹಸಿರಿಗೆ ಆಳವಿದೆ. ತಟ್ಟೆಗಳ ಅಳತೆಯೂ ಗೊತ್ತುಮಾಡಿದ್ದು: 3, 5, 7 ಸುನ್ ಮತ್ತು 1 ಶಾಕು. ಒಂದು ಸುನ್ ಅಂದರೆ 3.03 ಸೆಂಟಿಮೀಟರ್, ಹತ್ತು ಸುನ್‌ಗೆ ಒಂದು ಶಾಕು. ಎತ್ತರದ ಪಾದ, ನೀಲಿ ಚಿತ್ರದ ತಟ್ಟೆಗಳಾದರೆ ಪಾದದ ಸುತ್ತ ಬಾಚಣಿಗೆ ಹಲ್ಲಿನ ನೀಲಿ ಪಟ್ಟಿ. 1871ರಲ್ಲಿ ದೊರೆತನಗಳು ರದ್ದಾದಾಗ ಈ ಆವಿಗೆಯ ಕಾಲ ಮುಗಿಯಿತು, ಬಾಚಣಿಗೆ ಪಟ್ಟಿ ಮಾತ್ರ ಆಮೇಲೂ ಎಷ್ಟೋ ಕಡೆ ನಕಲಾಯಿತು. ಹಳೆಯದರಲ್ಲಿ ಪ್ರತಿ ಹಲ್ಲಿಗೂ ಹೊರಗೆರೆ ಬರೆದು ಒಳಗೆ ನೀಲಿ ತುಂಬಿರುತ್ತಾರೆ. ಅವಸರದ ಒಂದೇ ಗೀಟಿನ ಹಲ್ಲು ಕಂಡರೆ ಹಿಂದೆ ಸರಿಯಿರಿ.

ಕಡಿಮೆ ಬೆಲೆಗೆ ಬೇಕಿದ್ದರೆ ಈಗಿನ ಹ್ಯೋಗೊ ಪ್ರಾಂತದ ಸಾಂಡಾ ಸೆಲಡಾನ್ ನೋಡಿ. ಅದು 19ನೇ ಶತಮಾನದ್ದು, ಅಚ್ಚಿನಲ್ಲಿ ಒತ್ತಿದ್ದು. ಉಬ್ಬುಚಿತ್ರದ ಅಂಚು ಮೊಂಡಾಗಿ, ಗೋಡೆ ಒಂದೇ ದಪ್ಪವಾಗಿರುತ್ತದೆ.

ಎರಡೂ ಒಟ್ಟಿಗೆ

ಸೇಜಿ ಸೊಮೆತ್ಸುಕೆಯಲ್ಲಿ ಹೆಚ್ಚಾಗಿ ಸಿಗುವುದು 18ನೇ ಶತಮಾನದ ಮುಚ್ಚಳದ ಬಟ್ಟಲು. ಹೊರಮೈ ಸೆಲಡಾನ್, ಒಳಗೆ ಬಿಳಿ. ಒಳಬಾಯಿಯ ಸುತ್ತ ವಜ್ರಾಕೃತಿಯ ಜಾಲರಿ ಪಟ್ಟಿ, ಒಳತಳದ ನಡುವೆ ಕೊನ್ಯಾಕು ಮುದ್ರೆಯ ಐದೆಸಳಿನ ಹೂವು, ಬುಡದಲ್ಲಿ ಸುರುಳಿ ಸುತ್ತಿದ ಅಕ್ಷರ. ಹಸಿರಿನ ಸೊಗಸೂ ಸಿಕ್ಕಿತು, ಕಾಲ ಹೇಳುವ ನೀಲಿಯೂ ಸಿಕ್ಕಿತು. ಇಷ್ಟೆಲ್ಲ ಇದ್ದರೂ ಒಳ್ಳೆಯ ನೀಲಿ ತಟ್ಟೆಗಿಂತ ಹಲವು ಸಲ ಅಗ್ಗವಾಗಿ ಸಿಗುವುದು ಕೊಳ್ಳುವವರ ಭಾಗ್ಯ. ನೋಡಬೇಕಾದ್ದು ಹಸಿರು ಮತ್ತು ಬಿಳಿ ಕೂಡುವ ಬಾಯಂಚು. ಎರಡು ಮೆರುಗು ಅಲ್ಲಿ ಸೇರುವುದರಿಂದ ಸಣ್ಣ ಚೂರು ಹಾರಿದ್ದರೂ ಬಣ್ಣ ಹಚ್ಚಿ ಮುಚ್ಚುವುದು ಸುಲಭ. ಮುಚ್ಚಳ ಅದೇ ಬಟ್ಟಲಿನದೋ ಎಂದು ತಿಳಿಯಲು ಎರಡರ ಜಾಲರಿ ಪಟ್ಟಿಯನ್ನೂ ಹಸಿರಿನ ಛಾಯೆಯನ್ನೂ ಹಗಲು ಬೆಳಕಿನಲ್ಲಿ ಹೋಲಿಸಿ.

ತಳದ ಬರಹ ನಂಬಬಹುದೇ?

ಕಾಲ ಹೇಳಲು ನಂಬಬೇಡಿ. "ಮಹಾ ಮಿಂಗ್, ಚೆಂಗ್‌ಹುವಾ ಕಾಲದಲ್ಲಿ ಮಾಡಿದ್ದು" ಎಂದು ಚೀನೀ ಆರಕ್ಷರದಲ್ಲಿ ಬರೆದ ಅರಿತಾ ತಟ್ಟೆಗಳು ಸಾವಿರಾರು. ಚೆಂಗ್‌ಹುವಾ ಆಳಿದ್ದು 1465ರಿಂದ 1487ರವರೆಗೆ, ಆಗ ಅರಿತಾದಲ್ಲಿ ಪಿಂಗಾಣಿಯೇ ಇರಲಿಲ್ಲ. ಅದು ಮೇಲುಪಂಕ್ತಿಯ ಚೀನೀ ಮಾಲಿಗೆ ಸಲ್ಲಿಸಿದ ಗೌರವ, ಜೊತೆಗೆ ಅಲಂಕಾರ. "ಭಾಗ್ಯ" ಎಂಬರ್ಥದ ಫುಕು ಅಕ್ಷರದ ಕೆಳಭಾಗ ಸುಳಿಯಾಗಿ ಸುತ್ತಿಕೊಂಡಿದ್ದರೆ ಅದು 17ನೇ ಶತಮಾನದ ಕೊನೆ, 18ನೆಯದರ ಮೊದಲ ಭಾಗದಲ್ಲಿ ಜನಪ್ರಿಯವಾಗಿದ್ದ ಗುರುತು, ಆಮೇಲೂ ಬರೆದದ್ದುಂಟು. ಇಂಗ್ಲಿಷ್ ಅಕ್ಷರದ್ದು ಮಾತ್ರ ಖಚಿತ: ಅಮೆರಿಕದ ಸುಂಕದ ಕಾಯ್ದೆಯಿಂದಾಗಿ 1891ರಿಂದ "ನಿಪ್ಪಾನ್", 1921ರಿಂದ "ಜಪಾನ್" ಎಂಬ ಮುದ್ರೆ ಬಂತು. ಅಂಥ ಮುದ್ರೆಯಿದ್ದರೆ ಅದಕ್ಕಿಂತ ಹಳೆಯದಾಗಲಾರದು. ಮರದ ಪೆಟ್ಟಿಗೆಯ ಮೇಲಿನ ತಾರೀಖು ಪೆಟ್ಟಿಗೆಯದು. ಒಳಗಿನ ತಟ್ಟೆ ಬದಲಾಗಿರಬಹುದು.

ಯಾವ ಹಾನಿಯನ್ನು ಒಪ್ಪಬೇಕು?

ಆವಿಗೆಯಲ್ಲೇ ಆದದ್ದನ್ನು ಒಪ್ಪಿ: ಕಪ್ಪು ಚುಕ್ಕೆ, ಮೇಲಿಂದ ಬಿದ್ದ ಬೂದಿಯ ಕಣ, ಅಂಟಿದ ಮರಳು, ಚೂರು ವಾಲಿದ ಆಕಾರ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿದ್ದರೂ ತೊಂದರೆಯಿಲ್ಲ. ಬೆಲೆ ಕಮ್ಮಿ ಮಾಡಿಸಿ. ನ್ಯೂ ಎಂದು ಜಪಾನಿಗಳು ಕರೆಯುವ ಕೂದಲೆಳೆ ಬಿರುಕು ಬೇರೆ ಮಾತು, ಅದು ಬೆಳೆಯುತ್ತದೆ. ಬಟ್ಟಲನ್ನು ಮೂರು ಬೆರಳ ತುದಿಯ ಮೇಲೆ ಕೂರಿಸಿ ಉಗುರಿನಿಂದ ಅಂಚನ್ನು ಮೀಟಿ. ಗಂಟೆಯಂತೆ ನಾದ ಉಳಿದರೆ ಸರಿ, ಮಡಕೆಯಂತೆ ಬೋದೆಂದರೆ ಬಿರುಕಿದೆ. ದಪ್ಪ ಸೆಲಡಾನ್‌ಗೆ ಈ ಪರೀಕ್ಷೆ ಅಷ್ಟು ಸಲ್ಲದು, ಸರಿಯಿದ್ದರೂ ನಾದ ಮೊಂಡು.

ಬಂಗಾರದ ಅರಗಿನಿಂದ ಬೆಸೆದ ಕಿಂತ್ಸುಗಿ ಕಣ್ಣಿಗೆ ಕಾಣುವ, ಪ್ರಾಮಾಣಿಕ ದುರಸ್ತಿ. ಹೆದರಬೇಕಾದದ್ದು ಕಾಣದ ದುರಸ್ತಿಗೆ. ಎಪಾಕ್ಸಿ ತುಂಬಿ, ಬಣ್ಣ ಹಚ್ಚಿ, ಮೇಲೆ ವಾರ್ನಿಶ್ ಬಳಿದಿರುತ್ತಾರೆ. 365 ನ್ಯಾನೊಮೀಟರ್‌ನ ಅಲ್ಟ್ರಾವಯಲೆಟ್ ಟಾರ್ಚನ್ನು ಕತ್ತಲಲ್ಲಿ ಹಿಡಿದರೆ ಆ ಭಾಗ ಸುತ್ತಲಿನ ಮೆರುಗಿಗಿಂತ ಬೇರೆಯಾಗಿ ಬೆಳಗುತ್ತದೆ. ಭೂತಗನ್ನಡಿಯಲ್ಲಿ ನಿಜವಾದ ಮೆರುಗಿನೊಳಗೆ ಸಣ್ಣ ಗುಳ್ಳೆಗಳು ಕಾಣಬೇಕು. ಗುಳ್ಳೆಗಳು ಒಂದು ಗೆರೆಗೆ ಬಂದು ಥಟ್ಟನೆ ನಿಂತುಹೋದರೆ ಅಲ್ಲಿಂದಾಚೆ ಬಣ್ಣ ಬಳಿದಿದೆ. ತಳದ ಬಳೆಗೆ ಚಹಾ ಬಣ್ಣವೋ ಬೂಟ್ ಪಾಲಿಶೋ ತಿಕ್ಕಿ ಹಳೆಯದು ಮಾಡುವುದೂ ಇದೆ. ಒದ್ದೆ ಹತ್ತಿಯಲ್ಲಿ ಸ್ವಲ್ಪ ಸೋಪು ಹಾಕಿ ಒರೆಸಿದರೆ ಹತ್ತಿಗೆ ಬಣ್ಣ ಹತ್ತುತ್ತದೆ. ನಿಜವಾದ ಸವೆತ ನೆಲ ತಾಗುವ ಏಣಿನ ಮೇಲೆ ಮಾತ್ರ ಇದ್ದು, ಬೆರಳಿಗೆ ನುಣುಪಾಗಿರುತ್ತದೆ.

ಕೊಳ್ಳುವುದು, ತರುವುದು, ಬಳಸುವುದು

ಕಣ್ಣು ಪಳಗಿಸಲು ಅರಿತಾದ ಕ್ಯೂಶೂ ಸೆರಾಮಿಕ್ ಮ್ಯೂಸಿಯಂನ ಶಿಬಾತಾ ಸಂಗ್ರಹಕ್ಕೆ ಸಮನಾದದ್ದು ಇಲ್ಲ. ಅರಿತಾ ಮಾಲು ಕಾಲಾನುಕ್ರಮದಲ್ಲಿ ಅಲ್ಲಿದೆ. ಟೋಕಿಯೊದಲ್ಲಿ ತೊಗುರಿ ಮ್ಯೂಸಿಯಂ, ಹತ್ತಿರದಲ್ಲೇ ಬೇಕೆಂದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಜಪಾನಿ ವಿಭಾಗ. ಕ್ಯೋಟೊದಲ್ಲಿ ತೋಜಿ ದೇವಾಲಯದ ಸಂತೆ ಪ್ರತಿ ತಿಂಗಳ 21ಕ್ಕೆ, ಕಿತಾನೊ ತೆನ್‌ಮಾಂಗೂದ್ದು 25ಕ್ಕೆ. ಬೆಳಗ್ಗೆ ಬೇಗ ಹೋದವರಿಗೆ ಒಳ್ಳೆಯದು ಸಿಗುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ತಳದ ನೇರ ಚಿತ್ರ, ಓರೆ ಬೆಳಕಿನಲ್ಲಿ ಅಂಚಿನ ಚಿತ್ರ, ಅಡ್ಡಳತೆ, ಎತ್ತರ, ತಳದ ಬಳೆಯ ಅಳತೆ ಕೇಳಿ. ತಳದ ಚಿತ್ರ ಕೊಡದವರ ಬಳಿ ಕೊಳ್ಳಬೇಡಿ.

ಭಾರತಕ್ಕೆ ತರುವವರು 1972ರ ಪುರಾವಸ್ತು ಕಾಯ್ದೆಯನ್ನು ಮರೆಯಬಾರದು. ನೂರು ವರ್ಷ ದಾಟಿದ ಕಲಾವಸ್ತುವನ್ನು ದೇಶದಿಂದ ಹೊರಗೆ ಕಳಿಸಲು ಖಾಸಗಿಯವರಿಗೆ ಅವಕಾಶವಿಲ್ಲ. ಅಂದರೆ ಇಲ್ಲಿಗೆ ತಂದ ತಟ್ಟೆಯನ್ನು ನಾಳೆ ವಿದೇಶದ ಹರಾಜಿಗೆ ಹಾಕುತ್ತೇನೆ ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ. ಖರೀದಿಯ ರಸೀದಿ, ಸುಂಕದ ಕಾಗದ ಜೋಪಾನವಾಗಿರಲಿ.

ಕಟ್ಟಿಸುವಾಗ ಎರಡು ಪೆಟ್ಟಿಗೆ ಕೇಳಿ, ನಡುವೆ ಎಲ್ಲ ಬದಿಗೂ 5 ಸೆಂಟಿಮೀಟರ್ ಮೆತ್ತೆ. ತಟ್ಟೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಬೇಕು, ಒಂದೊಂದನ್ನೂ ಬೇರೆ ಬೇರೆ ಸುತ್ತಿರಬೇಕು. ಮುಚ್ಚಳವನ್ನು ಬಟ್ಟಲಿನ ಮೇಲೆ ಕೂರಿಸಿ ಕಳಿಸಿದರೆ ಬಾಯಂಚಿಗೇ ಪೆಟ್ಟು ಬೀಳುತ್ತದೆ.

ಮನೆಯಲ್ಲಿ ಬಳಸಲು ಅಡ್ಡಿಯಿಲ್ಲ, ಆದರೆ ನಮ್ಮ ಅಡುಗೆಗೆ ಒಂದು ಎಚ್ಚರಿಕೆ: ಮೆರುಗಿನಲ್ಲಿ ಬಲೆಬಿರುಕು ಇರುವ ಬಟ್ಟಲಿಗೆ ಅರಿಸಿನ ಬಿದ್ದ ಸಾರು, ಹುಳಿ ಹಾಕಬೇಡಿ. ಅರಿಸಿನ ಬಿರುಕಿನೊಳಗೆ ಇಳಿದರೆ ಹಳದಿ ಜಾಲ ಉಳಿದುಬಿಡುತ್ತದೆ. ಕಲೆ ತೆಗೆಯಲು ಕ್ಲೋರಿನ್ ಬ್ಲೀಚ್ ಬಳಸಿದರೆ ಉಪ್ಪು ಬಿರುಕಿನಲ್ಲಿ ಹರಳುಗಟ್ಟಿ ಮೆರುಗನ್ನು ಎಬ್ಬಿಸುತ್ತದೆ. ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿದ ಹತ್ತಿಯನ್ನು ಬಿರುಕಿನ ಮೇಲಿಟ್ಟು ಪ್ಲಾಸ್ಟಿಕ್ ಹಾಳೆ ಸುತ್ತಿ, ದಿನಕ್ಕೊಮ್ಮೆ ಬದಲಿಸುತ್ತ ನಾಲ್ಕೈದು ದಿನ ಬಿಡಿ, ಆಮೇಲೆ ಶುದ್ಧ ನೀರಿನಲ್ಲಿ ನೆನೆಸಿ ತೆಗೆಯಿರಿ. ಬೋರ್‌ವೆಲ್‌ನ ಗಡಸು ನೀರು ಬೇಡ, ಅದರ ಸುಣ್ಣ ಬಿರುಕಿನಲ್ಲಿ ಕೂರುತ್ತದೆ. ಕಿಂತ್ಸುಗಿ ಮಾಡಿದ ಪಾತ್ರೆಗೆ ಪೆರಾಕ್ಸೈಡೂ ಬೇಡ, ಮೈಕ್ರೋವೇವ್ ಅಂತೂ ಬೇಡವೇ ಬೇಡ. ಕರಾವಳಿ, ಮಲೆನಾಡಿನವರು ಮರದ ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ ಇಟ್ಟು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆರೆದು ಗಾಳಿಯಾಡಿಸಿ. ಪಿಂಗಾಣಿಗೆ ಏನೂ ಆಗದಿದ್ದರೂ ಪೆಟ್ಟಿಗೆಗೆ ಗೆದ್ದಲು, ಒಳಗಿನ ಬಟ್ಟೆಗೆ ಬೂಷ್ಟು ಬರುತ್ತದೆ.